ಗಾರೆ ಕೆತ್ತೋ ಮೊದಲು ಒಂದು ಫೋಟೋ ತೆಗೀರಿ

ಹಳೇ ಚರ್ಚಿನ ರಿಪೇರಿ ಅಂದ್ರೆ ನಮ್ಮ ಕಡೆ ಏನಾಗುತ್ತೆ ಅಂತ ಎಲ್ಲರಿಗೂ ಗೊತ್ತು. ಹಂಚು ಇಳಿಸಿ ಶೀಟ್ ಹಾಕ್ತಾರೆ. ಸುಣ್ಣದ ಗಾರೆ ಕೆತ್ತಿ ಸಿಮೆಂಟ್ ಮೆತ್ತುತ್ತಾರೆ. ನೆಲಕ್ಕೆ ಹೊಳೆಯೋ ಟೈಲ್ಸ್. ಬಾಗಿಲ ಪಕ್ಕ ಗ್ರಾನೈಟ್ ಕಲ್ಲು, ಅದರ ಮೇಲೆ ಉದ್ಘಾಟನೆ ಮಾಡಿದವರ ಹೆಸರು. ಹಳೇ ಕಲ್ಲಲ್ಲಿ ಯಾರ ಹೆಸರಿತ್ತು, ಯಾವ ಭಾಷೇಲಿತ್ತು ಅಂತ ಕೇಳೋ ಹೊತ್ತಿಗೆ ಟ್ರ್ಯಾಕ್ಟರ್ ಅದನ್ನ ಹಳ್ಳಕ್ಕೆ ಸುರಿದು ವಾಪಸ್ ಬಂದಿರುತ್ತೆ.

"ಅದು ಚರ್ಚಿನೋರ ವಿಷಯ, ಕನ್ನಡದ ಹುಡುಗ್ರಿಗೆ ಅಲ್ಲೇನ್ ಕೆಲ್ಸ?" ಅನ್ನೋರಿದ್ದಾರೆ. ಕೆಲಸ ಇದೆ. ಹಾಸನೂರಿಂದ ದಿಂಬಂ ಘಾಟಿಯ 27 ತಿರುವು ಇಳಿದರೆ ಸಿಗೋ ಸತ್ಯಮಂಗಲ 17ನೇ ಶತಮಾನದಲ್ಲಿ ಮೈಸೂರು ಅರಸರ ಕೈಗೆ ಬಂದ ಊರು. ಅದೇ ಶತಮಾನದ ನಡುವಿನಲ್ಲಿ ಲಿಯೊನಾರ್ಡೊ ಚಿನ್ನಮಿ ಅನ್ನೋ ಇಟಲಿಯ ಜೆಸ್ವಿತ್ ಪಾದ್ರಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ ಶುರು ಮಾಡಿದರು. ಸತ್ಯಮಂಗಲವೂ ಆ ಮಿಷನ್ನಿನ ಒಂದು ನೆಲೆ. ಚಿನ್ನಮಿ ಕನ್ನಡ ಕಲಿತು ಕನ್ನಡದಲ್ಲೇ ಬರೆದವರು, ಕನ್ನಡಕ್ಕೊಂದು ವ್ಯಾಕರಣವನ್ನೂ ಮಾಡಿದವರು. ಕಿಟೆಲ್ ಹುಟ್ಟೋದಕ್ಕೂ ನೂರೆಂಬತ್ತು ವರ್ಷ ಮೊದಲಿನ ಮಾತಿದು! ಅಂದಮೇಲೆ ಈ ಬೆಟ್ಟದ ಆಚೀಚೆ ಯಾವುದೇ ಹಳೇ ಚರ್ಚಿನ ಗೋಡೆ ಒಡೆದರೂ ನಮ್ಮ ಕಿವಿ ನೆಟ್ಟಗಾಗಬೇಕು.

ಮೈಸೂರಿನ ಸಂತ ಫಿಲೋಮಿನಾ ಚರ್ಚನ್ನೇ ನೋಡಿ. ಈಗ ಕಾಣೋ ಎರಡು ಗೋಪುರದ ಕಟ್ಟಡಕ್ಕೆ ಅಡಿಗಲ್ಲು ಬಿದ್ದದ್ದು 1933ರಲ್ಲಿ. ಅದೇ ಜಾಗದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಚರ್ಚೊಂದಿತ್ತು. ಹೊಸದು ಕಟ್ಟುವಾಗ ಹಳೇ ಚರ್ಚಿನ ಶಾಸನ ಉಳೀತು. ಹಾಗಾಗಿ 1843 ಅನ್ನೋ ವರ್ಷ ಇವತ್ತು ನಮಗೆ ಗೊತ್ತು. ಯಾರೋ ಮೇಸ್ತ್ರಿ ಆ ಕಲ್ಲನ್ನ ಬುನಾದಿಗೆ ಹಾಕಿದ್ದಿದ್ದರೆ?

ಪ್ಯಾರಿಸ್ಸಿನ ನೋತ್ರ ದಾಮ್ 2019ರ ಏಪ್ರಿಲ್ 15ರಂದು ಸುಟ್ಟಿತಲ್ಲ, ಅಲ್ಲಿ ಶಿಖರ ಮತ್ತೆ ಕಟ್ಟೋದಕ್ಕೆ ಸಾರುವೆ ನಿಲ್ಲಿಸೋ ಮೊದಲು ನೆಲ ಅಗೆದು ನೋಡೋಕೆ ಪುರಾತತ್ವದವರನ್ನ ಬಿಟ್ಟರು. 2022ರಲ್ಲಿ ನೆಲದಡಿ ಸೀಸದ ಶವಪೆಟ್ಟಿಗೆಗಳು ಸಿಕ್ಕವು, ಒಂದರ ಮೇಲೆ 1710ರಲ್ಲಿ ತೀರಿಕೊಂಡ ಪಾದ್ರಿಯ ಹೆಸರಿತ್ತು. ಎಂದೋ ಕೆಡವಿ ಹೂತಿದ್ದ ಶಿಲ್ಪದ ಪರದೆಯ ಚೂರುಗಳೂ ಬಂದವು, ಬಣ್ಣ ಇನ್ನೂ ಹಾಗೇ ಇತ್ತು. ಅವರಿಗೆ ದುಡ್ಡಿತ್ತು, ಸರಿ. ಆದರೆ "ನಿಲ್ಲಿ, ಮೊದಲು ನೋಡೋಣ" ಅನ್ನೋದಕ್ಕೆ ದುಡ್ಡು ಬೇಕಿಲ್ಲ.

ನಮ್ಮಲ್ಲಿ ಅಂಥ ಪೆಟ್ಟಿಗೆ ಸಿಗದೇ ಇರಬಹುದು. ಸಿಗೋದು ಹಂಚು. ಮಂಗಳೂರಿನ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ. ಅಂಥ ಹಂಚಿನ ಬೆನ್ನ ಮೇಲೆ ಕಾರ್ಖಾನೆ ಹೆಸರು, ಊರು, ಕೆಲವು ಸಲ ವರ್ಷವೂ ಅಚ್ಚಾಗಿರುತ್ತೆ. ಒಂದು ಹಂಚು ತಿರುಗಿಸಿ ನೋಡಿದರೆ ಸಾಕು, ಮಾಡು ಎಲ್ಲಿಂದ ಬಂತು ಅಂತ ತಿಳಿಯುತ್ತೆ. ಆಮೇಲೆ ಗಂಟೆಯ ಅಂಚು, ಗೋರಿಕಲ್ಲು, ಬೀರುವಿನಲ್ಲಿರೋ ದೀಕ್ಷಾಸ್ನಾನದ, ಮದುವೆಯ ರಿಜಿಸ್ಟರ್. ಅದರಲ್ಲಿ ಹೆಸರಿನ ಜೊತೆ ಊರು ಬರೆದಿದ್ದರೆ ನಮ್ಮ ಹಳ್ಳಿಗಳ ಹಳೇ ಹೆಸರೂ ಅಲ್ಲೇ ಇರುತ್ತೆ. ಫಾದರ್ ಹತ್ರ ಹೋಗಿ ಮರ್ಯಾದೆಯಿಂದ ಕೇಳಿ, ಒಪ್ಪಿದರೆ ಮಾತ್ರ ಫೋಟೋ ತೆಗೀರಿ. ಕಲ್ಲಿಗೆ ಆಸಿಡ್ ಬೇಡ, ಅಕ್ಷರಕ್ಕೆ ಪೇಂಟ್ ತುಂಬೋದೂ ಬೇಡ. ರಾತ್ರಿ ಹೊತ್ತು ಮೊಬೈಲ್ ಟಾರ್ಚನ್ನ ಪಕ್ಕದಿಂದ ಓರೆಯಾಗಿ ಹಿಡಿದರೆ ಸವೆದ ಅಕ್ಷರವೂ ಎದ್ದು ಕಾಣುತ್ತೆ. ನೆಲದಡಿ ನಾಣ್ಯ, ಒಡವೆ ಸಿಕ್ಕರೆ ಬಚ್ಚಿಡಬೇಡಿ: 1878ರ ನಿಧಿ ಕಾಯ್ದೆ ಪ್ರಕಾರ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದ್ದನ್ನ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು.

ಈಗ ಖಾರದ ಮಾತು. ಕಲ್ಲಲ್ಲಿ ತಮಿಳು ಸಿಕ್ಕರೆ?

ಸಿಕ್ಕರೆ ಅದನ್ನೂ ಅಷ್ಟೇ ಜೋಪಾನವಾಗಿ ಇಡಬೇಕು. ಗುಂಪಿನಲ್ಲಿ ಕನ್ನಡದ ಕಲ್ಲಿನ ಫೋಟೋ ಮಾತ್ರ ಹಾಕಿ ತಮಿಳಿನದ್ದು ಮುಚ್ಚಿಟ್ಟರೆ ನಾವು ದೂರೋ ಜನಕ್ಕೂ ನಮಗೂ ಏನ್ ವ್ಯತ್ಯಾಸ? ಹನೂರು ತಾಲ್ಲೂಕಿನ ಮಾರ್ಟಳ್ಳಿ ಕರ್ನಾಟಕದಲ್ಲಿದೆ, ಅಲ್ಲಿನ ಕ್ರೈಸ್ತರ ಮನೆಮಾತು ತಮಿಳು. ನಾವು ಇಲ್ಲಿ ಹೇಗೋ ಅವರು ಅಲ್ಲಿ ಹಾಗೆ. 1956ರಲ್ಲಿ ಕೊಳ್ಳೇಗಾಲ ಮೈಸೂರಿಗೆ ಹೋಯ್ತು, ತಾಳವಾಡಿ ಮದ್ರಾಸಲ್ಲೇ ಉಳೀತು. ಗೆರೆ ಎಳೆದೋರು ಗೋರಿಕಲ್ಲು ಓದಿ ಎಳೀಲಿಲ್ಲ.

ಇನ್ನೊಂದು. ಕನ್ನಡ ಶಾಲೆ ಕೇಳೋಕೆ ಹಳೇ ಕಲ್ಲಿನ ಸಾಕ್ಷಿ ಬೇಕು ಅನ್ನೋ ವಾದ ನಂಗೆ ಒಪ್ಪಿಗೆ ಇಲ್ಲ. ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ತಾಯ್ನುಡಿ ಶಿಕ್ಷಣದ ಬಗ್ಗೆ ಹೇಳೋದು ಇವತ್ತು ಬೆಂಚಿನ ಮೇಲೆ ಕೂತಿರೋ ಮಗುವಿಗಾಗಿ. ಆ ಮಗುವಿನ ಮುತ್ತಜ್ಜ ಇಲ್ಲೇ ಇದ್ದನಾ ಅಂತ ಅದು ಕೇಳಲ್ಲ. ಕಲ್ಲು ನಾವು ಯಾರು ಅಂತ ತಿಳಿಯೋಕೆ. ಹಕ್ಕಿನ ಅರ್ಜಿಗೆ ಅದನ್ನ ಲಗತ್ತಿಸೋಕೆ ಹೋದರೆ, ಕಲ್ಲು ಸಿಗದ ಊರಿನ ಮಕ್ಕಳ ಗತಿ ಏನು?

ನಿಮ್ಮೂರಲ್ಲಿ ಚರ್ಚು, ಗುಡಿ, ಮಸೀದಿ, ಹಳೇ ಶಾಲೆ ಯಾವುದೇ ರಿಪೇರಿಗೆ ಬಂದಿದ್ದರೂ ಹಂಚು ಇಳಿಸೋ ದಿನ ಇಬ್ಬರಾದ್ರೂ ಹೋಗಿ ನಿಂತ್ಕೊಳ್ಳಿ. ಮೇಸ್ತ್ರಿಗೆ ಒಂದು ಟೀ ಕೊಡಿಸಿ, "ಅಕ್ಷರ ಇರೋ ಕಲ್ಲು ಸಿಕ್ಕರೆ ಒಡೀಬೇಡಿ ಅಣ್ಣಾ, ಒಂದು ಫೋನ್ ಮಾಡಿ" ಅಂತ ನಂಬರ್ ಕೊಟ್ಟು ಬನ್ನಿ.