ದೋಣಿ ವಿಹಾರದ ಚುಕ್ಕಾಣಿ ಯಾರ ಕೈಯಲ್ಲಿ?

ಆಗಸ್ಟ್ ಬಂತೆಂದರೆ ನಮ್ಮ ಮಲ್ಪೆಯಲ್ಲಿ ಮೀನುಗಾರಿಕೆ ದೋಣಿಗಳು ಕಡಲಿಗಿಳಿಯುತ್ತವೆ. ಅಲೆಗಳ ಅಬ್ಬರ ತಗ್ಗಿ ಅಕ್ಟೋಬರ್ ಹತ್ತಿರವಾದಂತೆ ಪ್ರವಾಸಿ ದೋಣಿಗಳೂ ಹೊರಡುತ್ತವೆ. ಈಚಿನ ವರ್ಷಗಳಲ್ಲಿ ಇವೆರಡರ ನಡುವೆ ಮೂರನೆಯ ಬಗೆಯೊಂದು ಹುಟ್ಟಿಕೊಂಡಿದೆ. ಅದು ಮೀನು ಹಿಡಿಯುವ ಅನುಭವವನ್ನೇ ಮಾರುವ ದೋಣಿ. ಬೆಂಗಳೂರಿನಲ್ಲಿ ಶುಕ್ರವಾರ ರಾತ್ರಿ ಬಸ್ಸು ಹತ್ತಿದವರು ಶನಿವಾರ ಬೆಳಿಗ್ಗೆ ಕೈಯಲ್ಲಿ ಗಾಳ ಹಿಡಿದು ಕಡಲ ಮಧ್ಯೆ ಇರುತ್ತಾರೆ. ಮಧ್ಯಾಹ್ನ ದ್ವೀಪ ಸುತ್ತಾಟ, ರಾತ್ರಿ ತಾವೇ ಹಿಡಿದ ಮೀನಿನ ಊಟ. ಮಲ್ಪೆಯಿಂದ ಮುರುಡೇಶ್ವರ, ಕಾರವಾರದವರೆಗೂ ಇದಕ್ಕೆ ಬೇಡಿಕೆ ಇದೆ.

ಮೀನುಗಾರರ ಮನೆಯಲ್ಲಿ ಹುಟ್ಟಿ ಈಗ ಪದವಿ ಓದುತ್ತಿರುವ ನನಗೆ ಈ ಬೆಳವಣಿಗೆ ಬರೀ ಮೋಜಿನ ಸುದ್ದಿಯಲ್ಲ. ನಮ್ಮೂರಿನ ಹಿರಿಯರು ಮಕ್ಕಳಿಗೆ ಹೇಳುವ ಮಾತು ಒಂದೇ: ‘ನೀವು ಓದಿ, ಕಡಲಿಗೆ ಬರಬೇಡಿ.’ ಡೀಸೆಲ್ ಖರ್ಚು ಏರುತ್ತಿದೆ, ಮೀನು ಸಿಗುವುದು ಅನಿಶ್ಚಿತ. ಮಲ್ಪೆಯ ಆಳಸಮುದ್ರ ದೋಣಿಗಳಲ್ಲಿ ಇಂದು ಒಡಿಶಾ, ಆಂಧ್ರದ ಕಾರ್ಮಿಕರು ದೊಡ್ಡ ಸಂಖ್ಯೆಯಲ್ಲಿ ದುಡಿಯುತ್ತಿದ್ದಾರೆ. ಇಂಥ ಹೊತ್ತಿನಲ್ಲಿ, ಕಡಲು ಬಲ್ಲ ಯುವಕನೊಬ್ಬ ಬಲೆ ಎಳೆಯದೆಯೂ ಕಡಲಿನಿಂದಲೇ ಬದುಕಬಹುದು ಎಂದರೆ ಅದು ಸಣ್ಣ ವಿಷಯವಲ್ಲ. ಪ್ರಶ್ನೆ ಇರುವುದು, ಆ ಬದುಕು ಅವನಿಗೆ ದಕ್ಕುತ್ತದೆಯೇ ಎಂಬುದರಲ್ಲಿ.

ನನ್ನ ಸೋದರಮಾವ ಮೂವತ್ತು ವರ್ಷ ನಾಡದೋಣಿಯಲ್ಲಿ ದುಡಿದವರು. ಕಳೆದ ಹಂಗಾಮಿನಲ್ಲಿ ಹೊರಗಿನ ಸಂಸ್ಥೆಯೊಂದು ನಡೆಸುವ ಗಾಳದ ವಿಹಾರಕ್ಕೆ ವಾರಾಂತ್ಯದಲ್ಲಿ ದೋಣಿ ನಡೆಸಲು ಹೋಗುತ್ತಿದ್ದರು. ಎರಡು ಸಲ ನಾನೂ ಜೊತೆಗಿದ್ದೆ. ಎಲ್ಲಿ ಕಲ್ಲುಬಂಡೆ ಇದೆ, ಯಾವ ಹೊತ್ತಿಗೆ ಮುರು ಮೀನು ಗಾಳಕ್ಕೆ ಬಾಯಿ ಹಾಕುತ್ತದೆ, ಗಾಳಿ ಯಾವ ಕಡೆ ತಿರುಗಿದರೆ ವಾಪಸು ಹೊರಡಬೇಕು, ಇವನ್ನೆಲ್ಲ ಹೇಳುತ್ತಿದ್ದವರು ಮಾವ. ಆದರೆ ಬಂದವರ ಕಣ್ಣಿಗೆ ‘ಗೈಡ್’ ಎನಿಸಿಕೊಂಡವನು ಟೀ ಶರ್ಟ್ ತೊಟ್ಟು ಫೋಟೊ ತೆಗೆಯುತ್ತಿದ್ದ ಸಂಸ್ಥೆಯ ಹುಡುಗ. ತಲೆಗೆ ಎಷ್ಟು ಹಣ ಪಡೆಯುತ್ತಾರೆ ಎಂದು ಕೇಳಿದರೆ ಮಾವನಿಗೆ ಗೊತ್ತೇ ಇರಲಿಲ್ಲ. ‘ನಮಗೆ ದಿನದ ಸಂಬಳ ಮಾರಾಯ, ಉಳಿದದ್ದು ಅವರ ಲೆಕ್ಕ’ ಎಂದು ನಕ್ಕರು.

ಇಲ್ಲಿ ಮಾರಾಟವಾಗುತ್ತಿರುವುದು ಏನು ಎಂದು ಯೋಚಿಸಿ. ದೋಣಿ, ಗಾಳ, ಲೈಫ್ ಜಾಕೆಟ್‌ಗಳನ್ನು ಯಾರೂ ಕೊಳ್ಳಬಹುದು. ಕೊಳ್ಳಲಾಗದ ಸರಕು ಕಡಲಿನ ತಿಳಿವಳಿಕೆ ಒಂದೇ. ಅದರ ಒಡೆಯನಿಗೆ ಮಾತ್ರ ದಿನಗೂಲಿ.

‘ಮೀನುಗಾರಿಕೆ ನಿಷೇಧದ ದಿನಗಳಲ್ಲಿ ಮೀನುಗಾರರಿಗೆ ಪ್ರವಾಸೋದ್ಯಮವೇ ಪರ್ಯಾಯ’ ಎಂಬ ಮಾತು ವೇದಿಕೆಗಳಲ್ಲಿ ಆಗಾಗ ಕೇಳಿಬರುತ್ತದೆ. ಕ್ಯಾಲೆಂಡರ್ ನೋಡಿದರೆ ಈ ಮಾತು ನಿಲ್ಲುವುದಿಲ್ಲ. ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ ನಿಷೇಧ. ಅದೇ ಮಳೆಗಾಲದಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೂ ದೋಣಿ ಇಲ್ಲ, ನೇತ್ರಾಣಿಯಲ್ಲಿ ಸ್ಕೂಬಾ ಡೈವಿಂಗ್ ಕೂಡ ಇಲ್ಲ. ಎರಡೂ ಬಾಗಿಲು ಒಟ್ಟಿಗೇ ಮುಚ್ಚುತ್ತವೆ. ಹೀಗಾಗಿ ಗಾಳದ ವಿಹಾರ ಮಳೆಗಾಲದ ಖಾಲಿ ಕೈಯನ್ನು ತುಂಬಲಾರದು. ಅದರ ಪ್ರಯೋಜನ ಬೇರೆಯದು. ನಾಲ್ಕು ಮಂದಿ ಪ್ರವಾಸಿಗರು ಇಡೀ ಬೆಳಿಗ್ಗೆ ಕೂತು ಹಿಡಿಯುವ ಮೀನು ಒಂದು ಬುಟ್ಟಿಯೂ ಆಗುವುದಿಲ್ಲ, ಆದರೂ ದೋಣಿಗೆ ಆದಾಯ ಬರುತ್ತದೆ. ಬರಿದಾಗುತ್ತಿರುವ ಕಡಲಿಗೆ ಇದಕ್ಕಿಂತ ಒಳ್ಳೆಯ ಲೆಕ್ಕ ಬೇರೆ ಇಲ್ಲ. ನಿಷೇಧದ ತಿಂಗಳುಗಳಿಗೆ ಬೇಕಾದ ಉಳಿತಾಯ ಈ ಹಂಗಾಮಿನಲ್ಲೇ ಆಗಬೇಕು. ದಿನಗೂಲಿಯಲ್ಲಿ ಅದು ಆಗುವುದಿಲ್ಲ.

ಎರಡನೆಯ ಪ್ರಶ್ನೆ ಜೀವದ್ದು. 2019ರ ಜನವರಿ 21ರಂದು ಕಾರವಾರ ಸಮೀಪದ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆ ಮುಗಿಸಿ ಮರಳುತ್ತಿದ್ದವರ ದೋಣಿ ಮಗುಚಿ 16 ಮಂದಿ ಸತ್ತರು. ದೋಣಿಯಲ್ಲಿ ಮಿತಿಗಿಂತ ಹೆಚ್ಚು ಜನರಿದ್ದುದು, ಲೈಫ್ ಜಾಕೆಟ್ ಇಲ್ಲದಿದ್ದುದು ಆಗ ದೊಡ್ಡ ಚರ್ಚೆಯಾಯಿತು. ಚರ್ಚೆ ತಣ್ಣಗಾದ ಮೇಲೂ ಮೂಲ ಗೊಂದಲ ಹಾಗೇ ಇದೆ. ಮೀನುಗಾರಿಕೆ ದೋಣಿಯ ನೋಂದಣಿ, ಪರವಾನಗಿ ಮೀನುಗಾರಿಕೆ ಇಲಾಖೆಯದು. ಜನರನ್ನು ಸಾಗಿಸುವ ದೋಣಿಯ ತಪಾಸಣೆ, ಪರವಾನಗಿ ಬಂದರು ಇಲಾಖೆಯದು. ಪ್ರಚಾರ ಪ್ರವಾಸೋದ್ಯಮ ಇಲಾಖೆಯದು. ಜನರನ್ನು ಕೂರಿಸಿಕೊಂಡು ಮೀನಿಗೆ ಹೋಗುವ ದೋಣಿ ಯಾರ ಕಡತಕ್ಕೆ ಸೇರಬೇಕು? 1986ರ ಕರ್ನಾಟಕ ಸಮುದ್ರ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಬಂದ ಕಾಲಕ್ಕೆ ಇಂಥದೊಂದು ಕಸುಬು ಇಲ್ಲಿ ಇರಲೇ ಇಲ್ಲ. ಮೀನಿಗೆಂದು ನೋಂದಾಯಿಸಿದ ದೋಣಿಯಲ್ಲಿ ಪ್ರವಾಸಿಗರನ್ನು ಕರೆದೊಯ್ದು ಅವಘಡವಾದರೆ ವಿಮೆ ಸಿಗುವುದೂ ಕಷ್ಟ. ಕೊನೆಗೆ ಪೊಲೀಸ್ ಕೇಸು ಬೀಳುವುದು ಚುಕ್ಕಾಣಿ ಹಿಡಿದವನ ಮೇಲೆ, ಬುಕಿಂಗ್ ಮಾಡಿದವರ ಮೇಲಲ್ಲ ಎಂಬ ಭಯ ನಮ್ಮ ಕಡೆಯ ದೋಣಿಯವರಿಗೆಲ್ಲ ಇದೆ.

ಕರಾವಳಿಯವರಿಗೆ ಅಳಿವೆಯ ಅಪಾಯ ಗೊತ್ತು. ನದಿ ಸಮುದ್ರ ಸೇರುವ ಆ ಜಾಗದಲ್ಲಿ ಇಳಿತದ ಹೊತ್ತಿಗೆ ಹೊರಹೋಗುವ ನೀರಿಗೆ ಕಡಲ ಅಲೆ ಎದುರಾಗಿ ನಿಂತಲ್ಲೇ ಏಳುತ್ತದೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಅಲೆಯ ಎತ್ತರ, ಗಾಳಿಯ ವೇಗದ ಮುನ್ಸೂಚನೆ ನೀಡುತ್ತದೆ, ಹವಾಮಾನ ಇಲಾಖೆ ಎಚ್ಚರಿಕೆ ಕೊಡುತ್ತದೆ. ಆದರೆ ‘ಇವತ್ತು ಬೇಡ’ ಎಂದು ಹೇಳುವ ಅಧಿಕಾರ ದೋಣಿಯಲ್ಲಿರುವವನಿಗೆ ಇರಬೇಕು. ಮುಂಗಡ ಹಣ ಪಡೆದ ಸಂಸ್ಥೆಯ ಕೂಲಿಯಾಳಾಗಿ ನಿಂತವನಿಗೆ ಆ ಮಾತು ಬಾಯಿಗೆ ಬರುವುದು ಸುಲಭವಲ್ಲ. ಹಣದ ಪಾಲಿಗೂ ಸುರಕ್ಷತೆಗೂ ಇರುವ ನಂಟು ಇದು.

ಮೂರನೆಯದು ಕಡಲು ಮತ್ತು ದ್ವೀಪಗಳ ಮಾತು. ಗಾಳದಿಂದ ಹಿಡಿದರೆ ಹಾನಿಯೇ ಇಲ್ಲ ಎಂಬ ನಂಬಿಕೆ ಪೂರ್ತಿ ಸರಿಯಲ್ಲ. ಪ್ರವಾಸಿಗರು ಫೋಟೊಗಾಗಿ ಬಯಸುವುದು ದೊಡ್ಡ ಮುರು ಮೀನನ್ನು. ಮುರು ಜಾತಿಯ ಬಹುತೇಕ ಮೀನುಗಳು ಹೆಣ್ಣಾಗಿ ಬೆಳೆದು, ದೊಡ್ಡದಾದ ಮೇಲೆ ಕೆಲವು ಗಂಡಾಗುತ್ತವೆ. ಒಂದೇ ಬಂಡೆಯ ಸುತ್ತಲಿನ ದೊಡ್ಡ ಮೀನುಗಳನ್ನೆಲ್ಲ ಎತ್ತಿದರೆ ಅಲ್ಲಿ ಗಂಡುಗಳೇ ಇಲ್ಲದಂತಾಗುತ್ತದೆ. ನೇತ್ರಾಣಿಯ ಹವಳದ ಮೇಲೆ ಲಂಗರು ಬಿಟ್ಟರೆ ವರ್ಷಗಳ ಬೆಳವಣಿಗೆ ಕ್ಷಣದಲ್ಲಿ ಮುರಿಯುತ್ತದೆ.

ಸೇಂಟ್ ಮೇರೀಸ್ ದ್ವೀಪವನ್ನೇ ನೋಡಿ. ನಮ್ಮವರು ತೋನ್ಸೆಪಾರ್ ಎನ್ನುವ ಈ ದ್ವೀಪದ ಕಲ್ಲುಕಂಬಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದಲ್ಲಿ, ಲಾವಾ ತಣಿದು ಆದವು. ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಬರುವ ಬಹುಪಾಲು ಮಂದಿ ಕಂಬದ ಮೇಲೆ ನಿಂತು ಸೆಲ್ಫಿ ತೆಗೆದು, ಇದಾವುದೂ ತಿಳಿಯದೆ ಮರಳುತ್ತಾರೆ. 2022ರ ಏಪ್ರಿಲ್‌ನಲ್ಲಿ ಪ್ರವಾಸಕ್ಕೆ ಬಂದ ಕೇರಳದ ಮೂವರು ವಿದ್ಯಾರ್ಥಿಗಳು ಇಲ್ಲಿ ನೀರುಪಾಲಾದರು. ಕಲ್ಲಿನ ಕಥೆ ಹೇಳಿ, ಅಲೆಯ ಅಪಾಯವನ್ನೂ ತೋರಿಸಬಲ್ಲ ಮಾರ್ಗದರ್ಶಿ ಪ್ರತಿ ಗುಂಪಿನ ಜೊತೆ ಇರಬೇಕಾದ್ದು ಇಂಥಲ್ಲಿಯೇ.

ದಾರಿ ಇಲ್ಲವೆಂದಲ್ಲ. ಇಟಲಿಯಲ್ಲಿ ‘ಪೆಸ್ಕಾಟೂರಿಸ್ಮೊ’ ಎಂಬ ವ್ಯವಸ್ಥೆ ಇದೆ. 1982ರ ಮೀನುಗಾರಿಕೆ ಕಾಯ್ದೆಯಲ್ಲಿ ಇದಕ್ಕೆ ಅವಕಾಶ ಕೊಟ್ಟು, 1999ರಲ್ಲಿ ನಿಯಮ ರೂಪಿಸಿದರು. ವೃತ್ತಿ ಮೀನುಗಾರ ತನ್ನದೇ ದೋಣಿಯಲ್ಲಿ ಗರಿಷ್ಠ 12 ಮಂದಿಯನ್ನು ಕರೆದೊಯ್ಯಬಹುದು, ಅದಕ್ಕೆ ಸುರಕ್ಷತೆಯ ಷರತ್ತು ಪಾಲಿಸಬೇಕು. ಪರವಾನಗಿ ಮೀನುಗಾರನಿಗೆ ಎಂಬುದೇ ಅದರ ತಿರುಳು. ನಮಗೆ ಹತ್ತಿರದ ಮಹಾರಾಷ್ಟ್ರದ ವೆಂಗುರ್ಲಾದಲ್ಲಿ ಮೀನುಗಾರ ಮಹಿಳೆಯರ ಸ್ವಸಹಾಯ ಗುಂಪೊಂದು ಕಾಂಡ್ಲಾ ಕಾಡಿನ ನಡುವೆ ದೋಣಿ ವಿಹಾರ ನಡೆಸುತ್ತಿದೆ. ನಮ್ಮ ಜಿಲ್ಲೆಯ ಸಾಲಿಗ್ರಾಮದ ಬಳಿ ಸೀತಾನದಿಯ ಹಿನ್ನೀರಿನಲ್ಲಿ ಸ್ಥಳೀಯ ಯುವಕರೇ ಕಯಾಕಿಂಗ್ ಆರಂಭಿಸಿ ಹೆಸರು ಮಾಡಿದ್ದಾರೆ.

ನಮ್ಮಲ್ಲೂ ‘ಮೀನುಗಾರ ಮಾರ್ಗದರ್ಶಿ’ ಎಂಬ ಪ್ರತ್ಯೇಕ ಪರವಾನಗಿ ಬರಲಿ. ಮೀನುಗಾರಿಕೆ, ಬಂದರು, ಪ್ರವಾಸೋದ್ಯಮ ಮೂರೂ ಇಲಾಖೆಗಳ ಅನುಮತಿ ಒಂದೇ ಕಿಟಕಿಯಲ್ಲಿ ಸಿಗಲಿ. ಜೀವರಕ್ಷಣೆ, ಪ್ರಥಮ ಚಿಕಿತ್ಸೆ, ಸ್ವಲ್ಪ ಭೂವಿಜ್ಞಾನ, ಸ್ವಲ್ಪ ಜೀವವಿಜ್ಞಾನದ ತರಬೇತಿ ಕೊಟ್ಟರೆ ಸಾಕು, ಉಳಿದ ವಿದ್ಯೆ ಅವರಲ್ಲಿದೆ. ಮೀನುಗಾರರ ಸಹಕಾರ ಸಂಘಗಳು ಕರಾವಳಿಯಲ್ಲಿ ಹೊಸತಲ್ಲ. ಡೀಸೆಲ್, ಮಂಜುಗಡ್ಡೆ ನೋಡಿಕೊಳ್ಳುವ ಸಂಘಗಳೇ ಬುಕಿಂಗನ್ನೂ ನೋಡಿಕೊಂಡು, ದರವನ್ನು ಜೆಟ್ಟಿಯಲ್ಲಿ ಫಲಕ ಹಾಕಿ ತಿಳಿಸಬಹುದು. ಹೊರಗಿನ ಸಂಸ್ಥೆಗಳು ಬರಬಾರದು ಎಂದು ನಾನು ಹೇಳುತ್ತಿಲ್ಲ. ಜಾಹೀರಾತು, ವೆಬ್‌ಸೈಟ್, ಭಾಷೆ ಅವರ ಬಲ. ಅವರು ಪಾಲುದಾರರಾಗಿ ಬರಲಿ. ಜೊತೆಗೆ, ಒಂದು ದೋಣಿ ಎಷ್ಟು ಮೀನು ಇಟ್ಟುಕೊಳ್ಳಬಹುದು, ಯಾವ ಗಾತ್ರದ್ದನ್ನು ಬಿಟ್ಟುಬಿಡಬೇಕು ಎಂಬ ಮಿತಿಯೂ ಇರಲಿ.

ಸರ್ಕಾರ ನಿಯಮ ಮಾಡಲು ಸಮಯ ಹಿಡಿಯುತ್ತದೆ. ಈ ಪುಟ ಓದುವ ನನ್ನ ವಯಸ್ಸಿನವರೇ ಈ ವಿಹಾರಗಳ ದೊಡ್ಡ ಗಿರಾಕಿಗಳು. ಮುಂದಿನ ಸಲ ಗೆಳೆಯರ ಜೊತೆ ಕರಾವಳಿಗೆ ಬರುವಾಗ ಹಣ ಕಟ್ಟುವ ಮೊದಲು ಮೂರು ಪ್ರಶ್ನೆ ಕೇಳಿ. ದೋಣಿಗೆ ಪ್ರವಾಸಿಗರನ್ನು ಒಯ್ಯುವ ಪರವಾನಗಿ ಇದೆಯೇ? ಎಲ್ಲರಿಗೂ ಲೈಫ್ ಜಾಕೆಟ್, ವಿಮೆ ಇದೆಯೇ? ಚುಕ್ಕಾಣಿ ಹಿಡಿಯುವವರಿಗೆ ಇದರಲ್ಲಿ ಎಷ್ಟು ಪಾಲು? ಮೊದಲ ಎರಡಕ್ಕೆ ಉತ್ತರ ಬಾರದಿದ್ದರೆ ದೋಣಿ ಹತ್ತಬೇಡಿ. ಮೂರನೆಯದಕ್ಕೆ ಉತ್ತರ ಬಾರದಿದ್ದರೆ, ದೋಣಿ ನಡೆಸುವವರನ್ನೇ ಕೇಳಿ. ಕೇಳುವವರು ಹೆಚ್ಚಾದರೆ ಹೇಳಬೇಕಾದವರು ಹೇಳಲೇಬೇಕಾಗುತ್ತದೆ.