ಮಿತವಾಗಿ ಉರಿಸಿದವರಿಗೆ ದೊರೆತದ್ದೇನು?

ವಿಜಯಪುರ ಜಿಲ್ಲೆ ಇಂಡಿ ತಾಲೂಕಿನ ಲಚ್ಯಾಣಕ್ಕೂ ನಮ್ಮ ಶರಾವತಿ ಕಣಿವೆಗೂ ನೂರಾರು ಕಿಲೋಮೀಟರುಗಳ ಅಂತರ. ಅಲ್ಲಿ ಬಿಳಿಜೋಳದ ಬಯಲು, ಇಲ್ಲಿ ಮಳೆಕಾಡು. ಆದರೆ ಸಂಜೆ ಏಳು ಗಂಟೆಗೆ ಎರಡೂ ಕಡೆಯ ದೀಪಗಳು ಒಂದೇ ವಿದ್ಯುತ್ ಜಾಲದಿಂದ ಬೆಳಗುತ್ತವೆ. ಆದ್ದರಿಂದ ಲಚ್ಯಾಣದ ಮನೆಯೊಂದರ ವಿದ್ಯುತ್ ಲೆಕ್ಕ ಮಲೆನಾಡಿಗರಿಗೂ ಸಂಬಂಧಿಸಿದ್ದೇ ಆಗಿದೆ.

ಲೆಕ್ಕ ಸರಳವಾದುದು. 60 ವಾಟ್‌ನ ನಾಲ್ಕು ಬುರುಡೆ ಬಲ್ಬುಗಳನ್ನು ದಿನಕ್ಕೆ ಐದು ತಾಸು ಉರಿಸಿದರೆ ತಿಂಗಳಿಗೆ 36 ಯೂನಿಟ್ ವ್ಯಯವಾಗುತ್ತದೆ. ಅಷ್ಟೇ ಬೆಳಕು ಕೊಡುವ 9 ವಾಟ್‌ನ ನಾಲ್ಕು ಎಲ್ಇಡಿ ಬಲ್ಬುಗಳಿಗೆ ಐದೂವರೆ ಯೂನಿಟ್ಟಿಗಿಂತಲೂ ಕಡಿಮೆ ಸಾಕು. ಬುರುಡೆ ಬಲ್ಬು ಕುಡಿಯುವ ವಿದ್ಯುತ್ತಿನ ಬಹುಪಾಲು ಬೆಳಕಾಗದೆ ಬಿಸಿಯಾಗಿ ಹೋಗುತ್ತದೆ. ಬೇಸಿಗೆಯಲ್ಲಿ ಕಾದ ಹೆಂಚಿನಂತಾಗುವ ಆ ಸೀಮೆಗೆ ಈ ಬಿಸಿ ಬೇಡವೇ ಬೇಡ. 2015ರ ಕೊನೆಯಲ್ಲಿ ಆರಂಭವಾದ 'ಹೊಸ ಬೆಳಕು' ಯೋಜನೆ ಅಗ್ಗದ ದರದಲ್ಲಿ ಎಲ್ಇಡಿ ಬಲ್ಬುಗಳನ್ನು ಮನೆಮನೆಗೆ ತಲುಪಿಸಿದ್ದು ನಿಜಕ್ಕೂ ಒಳ್ಳೆಯ ಕೆಲಸ.

ಆದರೆ 2023ರ ಆಗಸ್ಟಿನಲ್ಲಿ ಜಾರಿಗೆ ಬಂದ 'ಗೃಹಜ್ಯೋತಿ'ಯ ಸೂತ್ರವನ್ನು ಗಮನಿಸಿ. ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ ಎಂಬುದು ಘೋಷಣೆ. ವಾಸ್ತವದಲ್ಲಿ ಪ್ರತಿ ಮನೆಯ ಪಾಲು ನಿಗದಿಯಾದದ್ದು 2022-23ರ ಸರಾಸರಿ ಬಳಕೆಗೆ ಶೇಕಡಾ 10 ಸೇರಿಸಿ. ಅದನ್ನು ಮೀರಿದ ಯೂನಿಟ್ಟುಗಳಿಗೆ ಹಣ ತೆರಬೇಕು.

ಅಕ್ಕಪಕ್ಕದ ಎರಡು ಮನೆಗಳನ್ನು ಊಹಿಸಿಕೊಳ್ಳೋಣ. ದೀಪ ಬಿಟ್ಟು ಉಳಿದ ಬಳಕೆ ಎರಡರಲ್ಲೂ 40 ಯೂನಿಟ್. ಬುರುಡೆ ಬಲ್ಬು ಉರಿಸುತ್ತಿದ್ದ ಮನೆಗೆ ದೊರೆತ ಉಚಿತ ಪಾಲು ಸುಮಾರು 84 ಯೂನಿಟ್. ಮೊದಲೇ ಎಲ್ಇಡಿಗೆ ಬದಲಾಗಿದ್ದ ಮನೆಗೆ ದೊರೆತದ್ದು 50! ಈ ಎರಡನೆಯ ಮನೆಯವರು ವೃದ್ಧ ತಾಯಿಗೆಂದು ಇನ್ನೊಂದು ಫ್ಯಾನ್ ಹಾಕಿಸಿದರೆ ಬಿಲ್ಲು ಬರುತ್ತದೆ. ಮೊದಲ ಮನೆಯವರು ಬುರುಡೆ ಬಲ್ಬನ್ನು ಇಂದಿಗೂ ಉರಿಸುತ್ತಿದ್ದರೂ ಬಿಲ್ಲು ಸೊನ್ನೆ, ಬದಲಿಸಿದರೂ ಸೊನ್ನೆಯೇ. ಮಿತವ್ಯಯಕ್ಕೆ ದಂಡ, ದುಂದಿಗೆ ಬಹುಮಾನ! ಕಡಿಮೆ ಬಳಸುವವರಿಗೆ ಶೇಕಡಾ 10ರ ಬದಲು 10 ಯೂನಿಟ್ ಹೆಚ್ಚುವರಿ ಕೊಡಲು 2024ರಲ್ಲಿ ಸರಕಾರ ನಿರ್ಧರಿಸಿದ್ದರಿಂದ ಅಂತರ ಕೊಂಚ ತಗ್ಗೀತು. ತಳಪಾಯದ ದೋಷ ಮಾತ್ರ ಹಾಗೆಯೇ ಉಳಿಯಿತು.

ಬಡವರ ಮನೆಗೆ ಉಚಿತ ಬೆಳಕು ಸಲ್ಲದೆಂದು ನಾವು ಹೇಳುತ್ತಿಲ್ಲ. ಅದು ಸಲ್ಲಲೇಬೇಕು. ಆದರೆ ಮನೆಯವರಿಗೆ ಬಿಲ್ಲು ಬಾರದಿದ್ದಾಗ ಅದನ್ನು ಇನ್ನಾರೋ ತೆರುತ್ತಿರುತ್ತಾರೆ. ಹಣದ ಪಾಲನ್ನು ಸರಕಾರದ ಬೊಕ್ಕಸ ತೆರುತ್ತದೆ. ಉಳಿದುದನ್ನು ನೆಲ, ನೀರು, ಕಾಡು ತೆರುತ್ತವೆ. ಲಚ್ಯಾಣದ ಜಿಲ್ಲೆಯಲ್ಲೇ ಇರುವ ಕೂಡಗಿಯ 2400 ಮೆಗಾವಾಟ್ ಉಷ್ಣ ಸ್ಥಾವರ ಕಲ್ಲಿದ್ದಲು ಸುಟ್ಟು, ಕೃಷ್ಣೆಯ ನೀರನ್ನು ಬಳಸಿ ವಿದ್ಯುತ್ ಉತ್ಪಾದಿಸುತ್ತದೆ. ಅದನ್ನು ವಿರೋಧಿಸಿದ ರೈತರ ಮೇಲೆ 2014ರಲ್ಲಿ ಪೊಲೀಸರ ಗುಂಡು ಹಾರಿತ್ತು. ಇತ್ತ ಲಿಂಗನಮಕ್ಕಿಯಲ್ಲಿ ಮನೆ-ಗದ್ದೆ ಮುಳುಗಿಸಿಕೊಂಡ ಶರಾವತಿ ಕಣಿವೆಗೆ 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾಪ ಬಂದಿದೆ. ಬೇಡಿಕೆ ಕಡಿಮೆಯಿದ್ದಾಗ ನೀರನ್ನು ಮೇಲೆತ್ತಿ, ಬೇಡಿಕೆ ಏರಿದಾಗ ಕೆಳಹರಿಸಿ ವಿದ್ಯುತ್ ಪಡೆಯುವುದು ಅದರ ಉದ್ದೇಶ. ಆ ಬೇಡಿಕೆ ಏರುವ ಹೊತ್ತುಗಳಲ್ಲಿ ಮನೆಮನೆಯ ದೀಪ ಹೊತ್ತಿಕೊಳ್ಳುವ ಸಂಜೆಯೂ ಒಂದು. ಸಿಂಗಳೀಕಗಳ ಕಾಡನ್ನು ಕೊರೆಯುವ ಮುನ್ನ ಆ ಸಂಜೆಯ ಬೇಡಿಕೆಯನ್ನೇ ತಗ್ಗಿಸಲು ಶ್ರಮಿಸಬೇಡವೇ?

ಮಾಡಬೇಕಾದುದು ಕಷ್ಟದ್ದೇನಲ್ಲ. ಹಳೆಯ ಬಳಕೆಯ ಸರಾಸರಿಯನ್ನು ಕೈಬಿಟ್ಟು, ಎಲ್ಲ ಸಣ್ಣ ಮನೆಗಳಿಗೂ ಒಂದೇ ಸಮನಾದ ಉಚಿತ ಪಾಲು ನಿಗದಿಯಾಗಲಿ. ಪಾಲಿನೊಳಗೆ ಉಳಿಸಿದ ಯೂನಿಟ್ಟುಗಳು ಆ ಮನೆಯ ಖಾತೆಗೆ ಜಮೆಯಾಗಲಿ. ಆ ಜಮೆಯ ಮೇಲೆ ಎಲ್ಇಡಿ ದೀಪ, ಹಾಗೆಯೇ 75 ವಾಟ್‌ನ ಹಳೆಯ ಫ್ಯಾನಿನ ಬದಲಿಗೆ 30 ವಾಟ್ ಆಸುಪಾಸಿನ ಬಿಎಲ್‌ಡಿಸಿ ಫ್ಯಾನ್ ರಿಯಾಯಿತಿಯಲ್ಲಿ ದೊರೆಯಲಿ. ಹೆಸ್ಕಾಂ, ಮೆಸ್ಕಾಂಗಳು ಬಿಲ್ಲಿನ ಹಾಳೆಯ ಮೇಲೆ ಉಳಿತಾಯದ ಲೆಕ್ಕವನ್ನೂ ಮುದ್ರಿಸಲಿ.

ಓದುಗರು ಈ ಬೇಡಿಕೆಯನ್ನು ತಮ್ಮ ಗ್ರಾಮಸಭೆಗಳಲ್ಲಿ ಮಂಡಿಸಬೇಕು, ವಿದ್ಯುತ್ ದರ ಪರಿಷ್ಕರಣೆಯ ಸಾರ್ವಜನಿಕ ವಿಚಾರಣೆಗಳಲ್ಲಿ ಎತ್ತಬೇಕು. ಅಣೆಕಟ್ಟು ಬೇಡವೆನ್ನುವ ನಮ್ಮ ದನಿಗೆ, ಬಯಲುಸೀಮೆಯ ಸಣ್ಣ ಮನೆಗೆ ನ್ಯಾಯ ಬೇಕೆನ್ನುವ ದನಿಯೂ ಕೂಡಿದರೆ ಅದಕ್ಕೆ ಬಲ ಬಂದೀತು.