ಗಿಣಿ ಸಾಕುವ ಮುನ್ನ ಒಂದು ಲೆಕ್ಕ

ಗಿಣಿ ಸಾಕಬೇಕೆಂದು ಹೊರಟ ಇಪ್ಪತ್ತೆರಡರ ಹುಡುಗ ಮೊದಲು ಬೆಲೆ ಕೇಳುತ್ತಾನೆ. ಆಮೇಲೆ, ಮಾತಾಡುತ್ತದೆಯೇ ಎಂದು. ಎಷ್ಟು ವರ್ಷ ಬದುಕುತ್ತದೆ ಎಂದು ಕೇಳುವವರು ಕಡಿಮೆ. ಆಫ್ರಿಕಾದ ಬೂದು ಗಿಣಿ ಸರಿಯಾದ ಆರೈಕೆಯಲ್ಲಿ 40–50 ವರ್ಷ ಬಾಳಬಲ್ಲದು. ಕಾಕಟೀಲ್ ಎಂಬ ಜುಟ್ಟಿನ ಪುಟ್ಟ ಹಕ್ಕಿಯೇ 15–20 ವರ್ಷ. ಬಾಗಲಗುಂಟೆಯಲ್ಲಿ ರೂಮು ಹಿಡಿದು ಪೀಣ್ಯದ ಕಾರ್ಖಾನೆಗೆ ಶಿಫ್ಟಿನ ಮೇಲೆ ಹೋಗುವ ಹುಡುಗನಿಗೆ 11 ತಿಂಗಳ ಬಾಡಿಗೆ ಕರಾರಿನಾಚೆ ಎಲ್ಲಿರುತ್ತೇನೆಂಬುದೇ ಗೊತ್ತಿರುವುದಿಲ್ಲ!

ನಮ್ಮ ಕೆಂಪು ಕೊಕ್ಕಿನ ಹಸಿರು ಗಿಣಿಯ ಮಟ್ಟಿಗಂತೂ ಸಿದ್ಧರೇ ಎಂಬ ಪ್ರಶ್ನೆಯೇ ಏಳುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿಡುವುದು ಎಲ್ಲವೂ ಅಪರಾಧ. ‘ನಮ್ಮಜ್ಜಿ ಮನೆಯಲ್ಲಿ ಇತ್ತಲ್ಲ’ ಎನ್ನುವ ವಾದ ಅರಣ್ಯ ಇಲಾಖೆಯವರ ಮುಂದೆ ನಡೆಯದು. (ಗಿಣಿಶಾಸ್ತ್ರದವರ ಗಿಣಿಗೂ ಇದೇ ಕಾನೂನು.) ವಿದೇಶಿ ತಳಿಗಳಲ್ಲೂ ಬೂದು ಗಿಣಿಯಂಥವನ್ನು 2024ರ ನಿಯಮಗಳ ಪ್ರಕಾರ ‘ಪರಿವೇಶ್’ ಜಾಲತಾಣದಲ್ಲಿ ನೋಂದಾಯಿಸಬೇಕು. ಅಂಗಡಿಯವನೇ ಹೇಳುತ್ತಾನೆಂದು ಕಾಯಬೇಡಿ.

ಕಾನೂನಿಗಿಂತ ದೊಡ್ಡದು ಒಂಟಿತನ. ಗಿಣಿ ಗುಂಪಿನ ಹಕ್ಕಿ. ಬೆಳಿಗ್ಗೆ ಬೀಗ ಹಾಕಿಕೊಂಡು ಹೋದವರು ರಾತ್ರಿ ಬರುವ ಮನೆಯಲ್ಲಿ ಅದು ಮೊದಲು ಕಿರುಚುತ್ತದೆ. ಪಕ್ಕದವರು ಮನೆ ಮಾಲೀಕರಿಗೆ ದೂರು ಕೊಡುತ್ತಾರೆ. ಆಮೇಲೆ ತನ್ನ ಗರಿಯನ್ನು ತಾನೇ ಕೀಳಲು ಶುರು ಮಾಡುತ್ತದೆ. ಎದೆ ಬೋಳಾದ ಗಿಣಿಯನ್ನು ಒಮ್ಮೆ ನೋಡಿದವರು ಮರೆಯಲಾರರು. ಕಾಯಿಲೆಯನ್ನೂ ಅದು ಬಚ್ಚಿಟ್ಟುಕೊಳ್ಳುತ್ತದೆ. ಗರಿ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕೂತಿತೆಂದರೆ ಅಂದೇ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೋ ಹಕ್ಕಿ ಬಲ್ಲ ವೈದ್ಯರಲ್ಲಿಗೋ ಒಯ್ಯಬೇಕು. ವಾರದ ರಜೆಗೆ ಕಾಯುವಂತಿಲ್ಲ. ಅಡುಗೆ, ಮಲಗುವುದು ಎಲ್ಲ ಒಂದೇ ಕೋಣೆಯಲ್ಲಾದರೆ ಇನ್ನೊಂದು ಅಪಾಯ: ನಾನ್‌ಸ್ಟಿಕ್ ತವಾ ವಿಪರೀತ ಕಾದಾಗ ಏಳುವ ಹೊಗೆ ಹಕ್ಕಿಯನ್ನು ನಿಮಿಷಗಳಲ್ಲಿ ಕೊಲ್ಲಬಲ್ಲದು.

ಹಾಗೆಂದು ಹರೆಯದವರಿಗೆ ಇದು ಆಗದ ಕೆಲಸ ಎನ್ನಲಾರೆ. ಹಗಲೆಲ್ಲ ಮನೆಯಲ್ಲಿರುವ ಅಜ್ಜಿ ಜೊತೆಗಿದ್ದು, ಪಂಜರವನ್ನು ತಾನೇ ತೊಳೆಯುವ ಪಿಯುಸಿ ಹುಡುಗಿ, ಹಕ್ಕಿಯನ್ನು ತಂದು ಹೆಂಡತಿಗೆ ಒಪ್ಪಿಸುವ ಐವತ್ತರ ಯಜಮಾನರಿಗಿಂತ ವಾಸಿ. ನಾನು ಅವಳನ್ನು ಕೇಳುವುದು ಒಂದೇ: ಓದಿಗೋ ಕೆಲಸಕ್ಕೋ ನೀನು ಊರು ಬಿಟ್ಟಾಗ ಇದು ಯಾರ ಪಾಲು? ಹೆಸರು ಹೇಳಲಿ, ಆ ಹೆಸರಿನವರೂ ಒಪ್ಪಲಿ.

ಈಗಾಗಲೇ ಮನೆಯಲ್ಲಿ ಹಸಿರು ಗಿಣಿ ಇದ್ದರೆ, ಇದನ್ನೋದಿ ಹೆದರಿ ಪಂಜರದ ಬಾಗಿಲು ತೆಗೆದುಬಿಡಬೇಡಿ. ವರ್ಷಗಟ್ಟಲೆ ಹಾರದ ರೆಕ್ಕೆಗೆ ಬಲವಿರುವುದಿಲ್ಲ, ಆಹಾರ ಹುಡುಕಲೂ ತಿಳಿಯದು. ಕಾಗೆಗಳು ಸುಮ್ಮನೆ ಬಿಡುವುದಿಲ್ಲ. ಅರಣ್ಯ ಇಲಾಖೆಗೋ ಕೆಂಗೇರಿಯ ‘ಪೀಪಲ್ ಫಾರ್ ಆನಿಮಲ್ಸ್’ ಕೇಂದ್ರಕ್ಕೋ ತಿಳಿಸಿ.